ಲಾಲಿ ಎಂಬ ನೆರೆಮನೆಯ ಬೆಕ್ಕು

ಈ ತಿಂಗಳು ನಿಮಗೊಂದು ಬೆಕ್ಕಿನ ಪರಿಚಯ ಮಾಡಿಕೊಡಬೇಕೆಂದಿದ್ದೇನೆ. ಹೆಸರು ಲಾಲಿ. ಬೂದು ಬಣ್ಣ, ದೊಡ್ಡ ಕಣ್ಣು, ಮೃದು ಸ್ವಭಾವ. ಎರಡು ಕಾಲಿನ ಮೇಲೆ ನಡೆಯುತ್ತದೆ, ಅಂಗಿ ತೊಡುತ್ತದೆ, ಹಾಡುತ್ತದೆ. ಇಷ್ಟು ಓದಿದ ಕೂಡಲೇ 'ಇದು ಮಕ್ಕಳ ಕತೆ ಇರಬೇಕು' ಎಂದು ಪುಟ ಮಗುಚಬೇಡಿ. ಈ ಬೆಕ್ಕಿನ ದೆಸೆಯಿಂದ ನನ್ನ ತವರುಮನೆಯಲ್ಲಿ ಒಂದು ಮಗು ಸರಿಯಾಗಿ ಉಣ್ಣದೆ ಮೂರು ವಾರ ಕಳೆದಿತ್ತು. ಧಾರವಾಡದಲ್ಲಿದ್ದ ನಾನು ಬ್ಯಾಗು ತುಂಬಿಕೊಂಡು ಸವದತ್ತಿ ಬಸ್ಸು ಹತ್ತಬೇಕಾಯಿತು.

ನನ್ನ ತವರು ಸಿರಸಂಗಿ. ಸವದತ್ತಿ ತಾಲೂಕಿನ ಈ ಊರನ್ನು ಕೆಲವರು ಕಾಳಿಕಾದೇವಿಯ ಗುಡಿಯಿಂದ ಬಲ್ಲರು, ಇನ್ನು ಕೆಲವರು ಲಿಂಗರಾಜ ದೇಸಾಯಿಯವರಿಂದ ಬಲ್ಲರು. 1861ರಿಂದ 1906ರ ವರೆಗೆ ಬದುಕಿದ್ದ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದವರು. ಅವರೂ ಹುಟ್ಟಿದ್ದು ಈ ಊರಿನಲ್ಲಲ್ಲ. ಶಿಗ್ಲಿಯಿಂದ ದತ್ತು ಮಗನಾಗಿ ಬಂದು ಸಿರಸಂಗಿಯವರಾದರು. ಗುರುತಿಲ್ಲದ ಊರಿಗೆ ಬಂದಿಳಿಯುವ ಮಗುವಿಗೆ ಏನೆಲ್ಲ ಅನಿಸುತ್ತದೋ ಎಂದು ನಾನು ಯೋಚಿಸಿದ್ದು ಮಾತ್ರ ಈ ಸಲವೇ.

ಹಾಗೆ ಬಂದಿಳಿದವಳು ನನ್ನ ತಮ್ಮನ ಮಗಳು. ಎಂಟು ವರ್ಷ. ದುಬೈಯಲ್ಲಿ ಹುಟ್ಟಿ ಬೆಳೆದವಳು. ತಮ್ಮನ ಸಂಬಳ ಕಡಿಮೆಯಾಗಿ ಅಲ್ಲಿ ಸಂಸಾರ ಇಟ್ಟುಕೊಳ್ಳುವುದು ಕಷ್ಟವಾದಾಗ ಹೆಂಡತಿಯನ್ನೂ ಮಗಳನ್ನೂ ಅಮ್ಮನ ಬಳಿಗೆ ಕಳುಹಿಸಿ ಅವನೊಬ್ಬನೇ ಅಲ್ಲಿ ಉಳಿದ. ಹುಡುಗಿಗೆ ಮನೆಯಲ್ಲಿ ನಾವಾಡುವ ಉರ್ದು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡ ಬಾರದು. ಶಾಲೆಯಲ್ಲಿ ಮಾತಿಲ್ಲ, ಓಣಿಯಲ್ಲಿ ಗೆಳತಿಯರಿಲ್ಲ. ಶಾಲೆಯಿಂದ ಬಂದವಳೇ ಪಡಸಾಲೆಯ ಮೂಲೆಯಲ್ಲಿ ಕೂತು, ಅಂಗೈಗಿಂತ ಸ್ವಲ್ಪ ದೊಡ್ಡದಾದ 'ಸ್ವಿಚ್' ಎಂಬ ಆಟದ ಯಂತ್ರ ಹಿಡಿದರೆ ಊಟಕ್ಕೆ ಕರೆದರೂ ಏಳಳು. ಒಂದು ದಿನ ತಾಯಿಗೆ ಸಿಟ್ಟು ನೆತ್ತಿಗೇರಿ ಯಂತ್ರವನ್ನು ಕಸಿದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ಹುಡುಗಿಯ ಊಟವೂ ಮಾತೂ ಅರ್ಧಕ್ಕರ್ಧ ನಿಂತಿತು.

"ಆಪಾ, ನೀವೇ ಬಂದು ಬುದ್ಧಿ ಹೇಳಿ. ನನ್ನ ಮಾತು ಕೇಳುವುದಿಲ್ಲ" ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಅತ್ತಳು.

ಬುದ್ಧಿ ಹೇಳಲೆಂದೇ ನಾನು ಹೋದದ್ದು. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಕಣ್ಣು ಹಾಳಾಗುತ್ತದೆ, ಓದು ಹಿಂದೆ ಬೀಳುತ್ತದೆ, ಇತ್ಯಾದಿ. ಅವು ಯಾವುವೂ ಬಳಕೆಗೆ ಬರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಿದ್ದೆವು. ಅಮ್ಮನ ಬೆಕ್ಕು ಬಂದು ಬಾಗಿಲಲ್ಲಿ ಕುಳಿತಿತ್ತು. ಅಮ್ಮನ ಬೆಕ್ಕಿಗೆ ಹೆಸರಿಲ್ಲ. ಜೋಳದ ಚೀಲಗಳಿಗೆ ಇಲಿ ಹತ್ತದಂತೆ ಕಾಯುವುದು ಅದರ ಕೆಲಸ, ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ ಅದರ ಕೂಲಿ. ಅಂದು ಅದಕ್ಕೆ ಹಾಲು ಹಾಕುತ್ತ ಅಮ್ಮ ತನ್ನ ವಾಡಿಕೆಯಂತೆ ಹದೀಸಿನ ಆ ಹೆಂಗಸಿನ ಕತೆ ಹೇಳಿದರು. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿ ಅದಕ್ಕಾಗಿ ಶಿಕ್ಷೆಗೊಳಗಾದವಳ ಕತೆ. ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇ. ಹುಡುಗಿ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು ಎದ್ದು ಹೋದಳು.

ಮಲಗುವಾಗ ನನ್ನ ಪಕ್ಕ ಬಂದು ಪಿಸುಗುಟ್ಟಿದಳು: "ಫುಪ್ಪು, ಅಮ್ಮಿ ಟ್ರಂಕಿಗೆ ಬೀಗ ಹಾಕಿದ್ದಾರೆ. ಬ್ಯಾಟರಿ ಸತ್ತಿರುತ್ತದೆ. ಲಾಲಿಗೆ ಊಟ ಯಾರು ಹಾಕುತ್ತಾರೆ?"

"ಯಾರಮ್ಮ ಲಾಲಿ?"

"ನನ್ನ ನೆರೆಮನೆಯ ಬೆಕ್ಕು. ಅದು ಆಟದ್ದು ಅಂತ ನನಗೆ ಗೊತ್ತು ಫುಪ್ಪು. ಆದರೂ ಕೇಳಿದೆ."

ಓದುಗರೇ, ನಿಮ್ಮಲ್ಲಿ ಯಾರಾದರೂ ಆ ಮಾತಿಗೆ ಏನು ಉತ್ತರ ಕೊಡುತ್ತಿದ್ದಿರೋ ನನಗೆ ತಿಳಿಯದು. ನಾನು ಎದ್ದು ಟ್ರಂಕಿನ ಬೀಗದ ಕೈ ಕೇಳಿದೆ.

ಯಂತ್ರಕ್ಕೆ ಚಾರ್ಜು ಹಾಕಿ ಮರುದಿನ ಬೆಳಿಗ್ಗೆ ಹುಡುಗಿಯ ಪಕ್ಕದಲ್ಲಿ ಕೂತು ಮೊದಲ ಬಾರಿಗೆ ಅದನ್ನು ನೋಡಿದೆ. ಆಟದ ಹೆಸರು 'ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಝನ್ಸ್'. ಜಪಾನಿನ ನಿಂಟೆಂಡೊ ಕಂಪೆನಿಯದು. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ, ಗೆಲ್ಲುವುದೂ ಸೋಲುವುದೂ ಇಲ್ಲ. ಒಂದು ದ್ವೀಪವಿದೆ. ಅಲ್ಲಿ ನಮಗೊಂದು ಮನೆ. ನೆರೆಯಲ್ಲಿ ಹೆಚ್ಚೆಂದರೆ ಹತ್ತು ಪ್ರಾಣಿಗಳ ಮನೆಗಳು. ಹಣ್ಣು ಕೀಳುವುದು, ಮೀನು ಹಿಡಿಯುವುದು, ಗಿಡಕ್ಕೆ ನೀರು ಹಾಕುವುದು, ನೆರೆಯವರನ್ನು ಮಾತನಾಡಿಸುವುದು. ಮನೆ ಕಟ್ಟಲು ಸಾಲ ಕೊಡುವ ಅಂಗಡಿಯವನೊಬ್ಬನಿದ್ದಾನೆ. ಅವನು ಬಡ್ಡಿ ಕೇಳುವುದಿಲ್ಲ, ಗಡುವೂ ಹಾಕುವುದಿಲ್ಲ! "ಇಂಥವನೊಬ್ಬ ನಮ್ಮ ಸವದತ್ತಿಯಾಗ ಇರಬಾರದಿತ್ತೇನ?" ಎಂದು ಅಮ್ಮ ನಕ್ಕರು.

ಅಲ್ಲಿನ ದಿನ ನಮ್ಮ ದಿನದಂತೆಯೇ ಕಳೆಯುತ್ತದೆ. ಯಂತ್ರದ ಗಡಿಯಾರದಲ್ಲಿ ರಾತ್ರಿಯಾದರೆ ದ್ವೀಪದಲ್ಲೂ ರಾತ್ರಿ. ನಾವು ಹೋಗದಿದ್ದರೂ ಅಲ್ಲಿ ದಿನಗಳು ಉರುಳುತ್ತವೆ. ಮೂರು ವಾರ ಯಾರೂ ಹೋಗದ ದ್ವೀಪದಲ್ಲಿ ಎಲ್ಲೆಂದರಲ್ಲಿ ಕಳೆ ಬೆಳೆದಿತ್ತು. ಹುಡುಗಿಯ ಮನೆಯ ಬಾಗಿಲು ತೆರೆದರೆ ಒಳಗೆ ಜಿರಲೆಗಳು ಓಡಾಡುತ್ತಿದ್ದವು. ವರ್ಷಗಟ್ಟಲೆ ಬೀಗ ಹಾಕಿಟ್ಟು ಪರದೇಶಕ್ಕೆ ಹೋದವರ ಮನೆ ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲವಷ್ಟೆ.

ಲಾಲಿ ಹಸಿದಿರಲಿಲ್ಲ. ಈ ಆಟದ ಪ್ರಾಣಿಗಳು ಉಪವಾಸದಿಂದ ಸಾಯುವುದಿಲ್ಲ. ಒಮ್ಮೊಮ್ಮೆ ಜ್ವರ ಬಂದು ಮನೆಯೊಳಗೆ ಮಲಗುತ್ತವೆ. ಆಗ ಕಣಜದ ಗೂಡು ಮತ್ತು ಕಳೆಯಿಂದ ಮಾಡಿದ ಔಷಧಿ ಕೊಟ್ಟರೆ ಗುಣವಾಗುತ್ತವೆ. ಲಾಲಿ ಚೆನ್ನಾಗಿಯೇ ಇತ್ತು. ಹುಡುಗಿಯನ್ನು ಕಂಡು, ಎಷ್ಟು ದಿನವಾಯಿತು ನಿನ್ನನ್ನು ನೋಡಿ ಎಂಬರ್ಥದ ಮಾತಾಡಿತು. ಮಾತೆಂದರೆ ಕಿವಿಗೆ ಕೇಳುವುದು ಬರೀ ಚಿಲಿಪಿಲಿ. ಅರ್ಥ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತದೆ. ಓದಿದೆ. ವಾಕ್ಯದ ಕೊನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪದವಿತ್ತು: 'ಬೇಟಾ'.

ಮುಂದಿನ ವಾಕ್ಯದ ಕೊನೆಯಲ್ಲಿ ಮತ್ತೆ 'ಬೇಟಾ'.

"ಜಪಾನಿನ ಬೆಕ್ಕಿಗೆ ನಮ್ಮ ಮಾತು ಹೇಗೆ ಬಂತು?" ಎಂದು ಕೇಳಿದೆ.

"ಅಬ್ಬಾ ಕಲಿಸಿದ್ದು" ಎಂದಳು ಹುಡುಗಿ.

ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಒಂದು ಯಂತ್ರಕ್ಕೆ ಒಂದೇ ದ್ವೀಪ, ಆದರೆ ಅದರಲ್ಲಿ ಮನೆಯ ಎಂಟು ಜನರವರೆಗೆ ವಾಸ ಮಾಡಬಹುದು. ಅಲ್ಲಿ ಅವಳ ಅಬ್ಬಾನದೂ ಒಂದು ಮನೆಯಿದೆ. ದುಬೈಯಲ್ಲಿ ಅವನು ಕೆಲಸ ಮುಗಿಸಿ ಬರುವಾಗ ಮಗಳು ಮಲಗಿರುತ್ತಿದ್ದಳು. ಬೆಳಿಗ್ಗೆ ಅವಳು ಶಾಲೆಗೆ ಹೊರಡುವಾಗ ಅವನು ಮಲಗಿರುತ್ತಿದ್ದ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಅವನು ದ್ವೀಪಕ್ಕೆ ಹೋಗಿ, ಅವಳ ಮನೆಯ ಮುಂದೆ ಎರಡು ಕಿತ್ತಳೆ ಹಣ್ಣು ಇಟ್ಟು, ಚೌಕದ ಹಲಗೆಯ ಮೇಲೆ ಒಂದು ಸಾಲು ಬರೆದು ಬರುತ್ತಿದ್ದ. ಮಗಳು ಮರುದಿನ ಸಂಜೆ ನೋಡುತ್ತಿದ್ದಳು. ಲಾಲಿ ತೊಟ್ಟಿದ್ದ ಹಸಿರು ಅಂಗಿಯೂ ಅವನು ಉಡುಗೊರೆ ಕೊಟ್ಟದ್ದೇ. ಈ ಆಟದಲ್ಲಿ ಸ್ನೇಹ ಬೆಳೆದ ಮೇಲೆ ಪ್ರಾಣಿಗಳು, ನನ್ನ ಮಾತಿಗೊಂದು ಹೊಸ ಪಲ್ಲವಿ ಹೇಳಿಕೊಡು ಎಂದು ಕೇಳುತ್ತವೆ. ಹೇಳಿಕೊಟ್ಟ ಪದವನ್ನು ಆಮೇಲೆ ಎಲ್ಲರ ಹತ್ತಿರವೂ ಬಳಸುತ್ತವೆ. ಲಾಲಿ ಮೊದಲು 'ಬಾನ್‌ಬಾನ್' ಎನ್ನುತ್ತಿತ್ತಂತೆ. ತಮ್ಮ ಅದನ್ನು ತೆಗೆದು 'ಬೇಟಾ' ಎಂದು ಹಾಕಿದ್ದ.

ಇನ್ನೊಂದು ವಿಷಯವನ್ನೂ ಆಗ ಗಮನಿಸಿದೆ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ದ್ವೀಪದಲ್ಲಿ ಏಳೂವರೆ. ಯಂತ್ರದ ಗಡಿಯಾರವನ್ನು ಹುಡುಗಿ ಬದಲಿಸಿರಲೇ ಇಲ್ಲ. ಅದು ಇನ್ನೂ ದುಬೈ ಸಮಯವನ್ನೇ ತೋರಿಸುತ್ತಿತ್ತು.

ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ನಾವು ಟ್ರಂಕಿನಲ್ಲಿ ಬೀಗ ಹಾಕಿಟ್ಟದ್ದು ಏನನ್ನು ಎಂಬುದು ಅರ್ಥವಾಗಿತ್ತು.

ಆ ಮೇಲೆ ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇದರ ಮೂಲ ಆಟವನ್ನು ರೂಪಿಸಿದವರು ಕಾತ್ಸುಯಾ ಎಗುಚಿ. ಜಪಾನಿನ ಚಿಬಾದವರು. 1986ರಲ್ಲಿ ನಿಂಟೆಂಡೊ ಸೇರಲು ಊರು, ಮನೆ, ಗೆಳೆಯರನ್ನೆಲ್ಲ ಬಿಟ್ಟು ಕ್ಯೋಟೊ ನಗರಕ್ಕೆ ಬಂದರು. ಆ ಒಂಟಿತನದಲ್ಲಿ, ಮನೆಯವರೂ ನೆರೆಯವರೂ ಹತ್ತಿರವಿರುವುದು ಎಷ್ಟು ದೊಡ್ಡ ಭಾಗ್ಯವೆಂದು ಅವರಿಗೆ ಅರಿವಾಯಿತಂತೆ. ಮುಂದೆ ಅವರು ಕೆಲಸದಿಂದ ತಡವಾಗಿ ಮನೆಗೆ ಬರುತ್ತಿದ್ದರು. ಒಂದೇ ಹೊತ್ತಿಗೆ ಕೂತು ಆಡಲಾಗದ ಮನೆಯವರು ಬೇರೆ ಬೇರೆ ಹೊತ್ತಿಗೆ ಆಡಿದರೂ ಒಟ್ಟಿಗೆ ಇದ್ದಂತಾಗಬೇಕು ಎಂಬ ಆಸೆಯಿಂದ ಹುಟ್ಟಿದ ಆಟವಿದು. ಮೊದಲ ಆಟ 2001ರ ಏಪ್ರಿಲ್ 14ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ನಮಗೆ ಮೊದಲು ಎದುರಾಗುವುದೂ ಒಂದು ಬೆಕ್ಕೇ. ರೈಲಿನಲ್ಲಿ ಎದುರು ಬಂದು ಕೂತು, ನಿನ್ನ ಹೆಸರೇನು, ಯಾವ ಊರಿಗೆ ಹೋಗುತ್ತಿದ್ದೀ ಎಂದು ವಿಚಾರಿಸುತ್ತದೆ. ಗುರುತಿಲ್ಲದ ಊರಿಗೆ ಹೊರಟವರಿಗೆ ಬೇಕಾಗಿರುವುದು ಅಂಥ ಒಂದು ಪ್ರಶ್ನೆಯಲ್ಲವೇ?

ನನ್ನ ತಮ್ಮನಿಗೆ ಎಗುಚಿಯವರ ಹೆಸರು ಗೊತ್ತಿಲ್ಲ. ಆದರೆ ಅವರು ಬಯಸಿದ್ದನ್ನೇ ಅವನು ಮಾಡಿದ್ದ.

ಹೊಸ ಆಟ ಬಂದದ್ದು 2020ರ ಮಾರ್ಚ್ 20ರಂದು. ಅದರ ನಿರ್ದೇಶಕಿ ಅಯಾ ಕ್ಯೋಗೊಕು ಎಂಬ ಮಹಿಳೆ. ಐದೇ ದಿನಗಳಲ್ಲಿ, ಮಾರ್ಚ್ 25ರಿಂದ ನಮ್ಮ ದೇಶ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡಿತು. ಲೋಕದ ಬಹುಭಾಗದಲ್ಲೂ ಅದೇ ಪಾಡು. ಮನೆಯೊಳಗೆ ಸಿಕ್ಕಿಕೊಂಡ ಜನ ಈ ದ್ವೀಪಗಳಿಗೆ ಮುಗಿಬಿದ್ದರು. ಈವರೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಈ ಆಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೆಕ್ಕುಗಳಿವೆ. ಕನ್ನಡಕ ಹಾಕಿದ, ಒಂದು ಕಣ್ಣು ಕಂದು, ಇನ್ನೊಂದು ಕಣ್ಣು ಹಸಿರಾದ ರೇಮಂಡ್ ಎಂಬ ಬೆಕ್ಕನ್ನು ತಮ್ಮ ದ್ವೀಪಕ್ಕೆ ಕರೆತರಲು 2020ರಲ್ಲಿ ಜನ ನಿಜವಾದ ದುಡ್ಡು ಕೊಟ್ಟು ವ್ಯಾಪಾರ ಮಾಡಿದರು. ಇಲ್ಲದ ಬೆಕ್ಕಿಗೆ ಇರುವ ದುಡ್ಡು! ಇಂಥ ಮರುಳಿನ ಬಗ್ಗೆ ಎಚ್ಚರ ಬೇಕೇ ಬೇಕು.

ಇಂಥ ಆಟ ಮಕ್ಕಳನ್ನು ಕೆಡಿಸುತ್ತದೆಯೇ? ಮಕ್ಕಳ ವಿಷಯ ಹಾಗಿರಲಿ, ದೊಡ್ಡವರ ಮೇಲೆ ನಡೆದ ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ 3,274 ಆಟಗಾರರನ್ನು ವಿಚಾರಿಸಿದರು. ಅವರಲ್ಲಿ 2,756 ಮಂದಿ ಇದೇ ಆಟವಾಡುವವರು. ಹೆಚ್ಚು ಹೊತ್ತು ಆಡಿದವರು ತುಸು ಹೆಚ್ಚು ನೆಮ್ಮದಿಯಲ್ಲಿದ್ದಂತೆ ಕಂಡಿತು. ಆದರೆ 2022ರಲ್ಲಿ ಅದೇ ವಿಶ್ವವಿದ್ಯಾಲಯದವರು ಏಳು ಆಟಗಳ 38,935 ಆಟಗಾರರನ್ನು ಪರಿಶೀಲಿಸಿದಾಗ, ಆಡುವ ಹೊತ್ತು ಹೆಚ್ಚಾದ ಮಾತ್ರಕ್ಕೆ ನೆಮ್ಮದಿ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂದು ಕಂಡುಬಂತು. ವ್ಯತ್ಯಾಸವಿದ್ದದ್ದು ಯಾಕೆ ಆಡುತ್ತಾರೆ ಎಂಬುದರಲ್ಲಿ. ಇಷ್ಟಪಟ್ಟು ಆಡುವವರ ಮನಸ್ಸು ಚೆನ್ನಾಗಿತ್ತು, ಆಡಲೇಬೇಕೆಂಬ ಒತ್ತಡದಿಂದ ಆಡುವವರದು ಅಷ್ಟು ಚೆನ್ನಾಗಿರಲಿಲ್ಲ. ಅಂದರೆ ಗಡಿಯಾರ ನೋಡುವ ಮೊದಲು ಮುಖ ನೋಡಬೇಕು.

ನನ್ನ ಸೊಸೆಯ ಮುಖದಲ್ಲಿ ನಾನು ಕಂಡದ್ದು ಆಟದ ಹುಚ್ಚಲ್ಲ, ಕಾಯುವಿಕೆ. ಅಬ್ಬಾ ಬಾರದ ದ್ವೀಪದಲ್ಲಿ ಅವನ ಮಾತನ್ನು ಆಡುವ ಒಂದೇ ಜೀವ ಆ ಬೆಕ್ಕು. ಅದೂ ಯಾವಾಗಲಾದರೂ ಹೋಗಬಹುದು. ಏಕೆಂದರೆ ಈ ಆಟದಲ್ಲಿ ನೆರೆಯವರು ಆಗಾಗ ತಲೆಯ ಮೇಲೊಂದು ಯೋಚನೆಯ ಗುಳ್ಳೆ ಹೊತ್ತು ಅಡ್ಡಾಡುತ್ತಾರೆ. ಮಾತನಾಡಿಸಿದರೆ, ಈ ದ್ವೀಪ ಬಿಟ್ಟು ಹೋಗಲೇ ಎಂದು ಕೇಳುತ್ತಾರೆ. ಹೋಗು ಎಂದರೆ ಗಂಟುಮೂಟೆ ಕಟ್ಟುತ್ತಾರೆ, ಬೇಡ ಎಂದರೆ ಉಳಿಯುತ್ತಾರೆ. ಲಾಲಿ ಎರಡು ಸಲ ಕೇಳಿದೆಯಂತೆ. ಎರಡು ಸಲವೂ ಇವಳು ಬೇಡ ಎಂದಿದ್ದಾಳೆ. "ನನ್ನನ್ನು ಯಾರೂ ಕೇಳಲಿಲ್ಲ ಫುಪ್ಪು, ಟಿಕೆಟ್ ಮಾಡಿಬಿಟ್ಟರು" ಎಂದು ಕೊನೆಗೆ ಸೇರಿಸಿದಳು.

ಆ ರಾತ್ರಿ ತಮ್ಮನಿಗೆ ಫೋನು ಮಾಡಿದೆ. ಬೆಕ್ಕಿನ ವಿಷಯ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ಮನೆಗೆ ಬರುವಾಗ ಅವಳು ಮಲಗಿರುತ್ತಿದ್ದಳು ಆಪಾ. ಅದಕ್ಕೇ ಬೆಕ್ಕಿಗೆ ಹೇಳಿಕೊಟ್ಟೆ" ಎಂದ. ಅವನು ಶುಕ್ರವಾರಕ್ಕೊಮ್ಮೆ ಒಂದು ಗಂಟೆ ಮಾತಾಡುತ್ತಿದ್ದ. ಅದರ ಬಹುಪಾಲು ಹಣದ ಲೆಕ್ಕ, ಅಮ್ಮನ ಔಷಧಿ, ಹೊಲದ ವಿಚಾರ. ಈಗ ದಿನವೂ ಊಟದ ಬಿಡುವಿನಲ್ಲಿ ಐದು ನಿಮಿಷ ಬರೀ ಮಗಳ ಹತ್ತಿರ ಮಾತಾಡಬೇಕೆಂದು ಗೊತ್ತು ಮಾಡಿದೆವು. ಯಾಕೆ ಊರಿಗೆ ಕಳುಹಿಸಿದ್ದೆಂದು ಅವನೇ ಅವಳಿಗೆ ಹೇಳಬೇಕೆಂದೂ ಹೇಳಿದೆ. ಎಂಟು ವರ್ಷದ ಮಗುವಿಗೆ ಸಂಬಳವೆಂದರೇನು, ಬಾಡಿಗೆಯೆಂದರೇನು ಎಂಬುದು ಚೆನ್ನಾಗಿಯೇ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ನಮ್ಮ ಮೌನ.

ಇನ್ನು ಅಮ್ಮನ ಬೆಕ್ಕಿನ ವಿಷಯ. "ಲಾಲಿ ಅಂದರ ತೊಟ್ಟಿಲ ಹಾಡು. ಅದರಾಗ ಇರೂದು ಹಸೀದಿಲ್ಲ, ಬಾಗಿಲಾಗ ಕುಂತದ್ದು ಹಸದೈತಿ. ಹೋಗಿ ಹಾಲು ಹಾಕು" ಎಂದು ಅಮ್ಮ ಬಟ್ಟಲನ್ನು ಹುಡುಗಿಯ ಕೈಗೆ ಕೊಟ್ಟರು. ಮೊದಲ ದಿನವೇ ಅವಳು ಲಾಲಿಯೆಂದುಕೊಂಡು ತಬ್ಬಲು ಹೋಗಿ ಪರಚಿಸಿಕೊಂಡಳು. ಅತ್ತಳು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ಬೆಕ್ಕು ಪರಚಿದರೂ ರೇಬೀಸ್ ಲಸಿಕೆಯ ವಿಷಯದಲ್ಲಿ ಉದಾಸೀನ ಮಾಡಬಾರದು, ಅರಿಶಿನ ಮೆತ್ತಿ ಸುಮ್ಮನಾಗಬಾರದು. ಇದನ್ನು ನೀವೂ ನೆನಪಿಡಿ.

ಲಾಲಿಯ ಸ್ನೇಹಕ್ಕೆ ಒಳಗೊಂದು ಲೆಕ್ಕವಿದೆ. ದಿನಕ್ಕೊಮ್ಮೆ ಮಾತನಾಡಿಸಿದರೆ ಇಷ್ಟು ಅಂಕ, ಉಡುಗೊರೆ ಕೊಟ್ಟರೆ ಇಷ್ಟು ಅಂಕ, 255ಕ್ಕೆ ಮುಗಿಯಿತು. ಬಹಳ ಹತ್ತಿರವಾದರೆ ಚೌಕಟ್ಟು ಹಾಕಿದ ತನ್ನ ಫೋಟೊ ಕೊಡುತ್ತದೆ. ಅಮ್ಮನ ಬೆಕ್ಕಿಗೆ ಅಂಥ ಲೆಕ್ಕವೇ ಇಲ್ಲ. ಹತ್ತು ದಿನ ಹಾಲು ಹಾಕಿದರೂ ತಿರುಗಿ ನೋಡಲಿಲ್ಲ. ಹನ್ನೊಂದನೆಯ ದಿನ, ಹುಡುಗಿ ಮಗ್ಗಿ ಬರೆಯುತ್ತ ಕೂತಿದ್ದಾಗ ತಾನಾಗಿ ಬಂದು ಮಡಿಲಲ್ಲಿ ಮಲಗಿತಂತೆ. ಕಾಲು ಜೋಮು ಹಿಡಿದರೂ ಅವಳು ಅಲುಗಲಿಲ್ಲ ಎಂದು ತಮ್ಮನ ಹೆಂಡತಿ ಹೇಳಿದಳು.

ಕೆಲವು ವಾರಗಳಲ್ಲಿ ಬೆಕ್ಕು ಅಟ್ಟದ ಮೇಲೆ ಮೂರು ಮರಿ ಹಾಕಿತು. ಸುದ್ದಿ ಓಣಿಯಲ್ಲಿ ಹಬ್ಬಲು ಎಷ್ಟು ಹೊತ್ತು? ಶಾಲೆಯಲ್ಲಿ ಒಂದು ಮಾತೂ ಆಡದಿದ್ದ ಹುಡುಗಿಯರು ಸಂಜೆ ಬಾಗಿಲಲ್ಲಿ ಸಾಲುಗಟ್ಟಿದರು. "ಕಣ್ಣು ತೆರದಾವೇನ? ನನಗೊಂದು ಕೊಡ್ತೀಯೇನ?" ಕನ್ನಡ ಅಲ್ಲಿಂದ ಶುರುವಾಯಿತು. ಮರಿಗಳು ತಾಯಿಯ ಹಾಲು ಬಿಟ್ಟ ಮೇಲೆ ಒಂದನ್ನು ಎದುರುಮನೆಯ ಹುಡುಗಿಗೆ ಕೊಡಬೇಕೇ ಬೇಡವೇ ಎಂದು ಅಮ್ಮ ಮೊಮ್ಮಗಳನ್ನೇ ಕೇಳಿದರು. ಅವಳು ಎರಡು ದಿನ ಯೋಚಿಸಿದಳು. ಆಮೇಲೆ ತಾನೇ ಎತ್ತಿಕೊಂಡು ಹೋಗಿ ಕೊಟ್ಟು ಬಂದಳು. ಈಗ ದಿನವೂ ಅದನ್ನು ನೋಡುವ ನೆವದಲ್ಲಿ ಎದುರುಮನೆಯಲ್ಲೇ ಇರುತ್ತಾಳೆ.

ತಾಯಂದಿರೇ, ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟು ಮರೆತುಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಎಂದು ಗೊತ್ತು ಮಾಡಿದ್ದೇವೆ. ಈ ಯಂತ್ರಕ್ಕೆ ಹೊತ್ತಿನ ಮಿತಿ ಹಾಕಲು ಪೋಷಕರಿಗೆಂದೇ ಕಂಪೆನಿಯ ಫೋನ್ ಆ್ಯಪ್ ಇದೆ, ಅದನ್ನು ಬಳಸಿ. ಇಂಟರ್ನೆಟ್ ಮೂಲಕ ಅಪರಿಚಿತರು ಮಕ್ಕಳ ದ್ವೀಪಕ್ಕೆ ಬರದಂತೆ ನೋಡಿಕೊಳ್ಳಿ. ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ಅದರಲ್ಲಿ ಉಳಿಸಬೇಡಿ. ಆದರೆ ಕಸಿದುಕೊಳ್ಳುವ ಮೊದಲು ಒಂದು ಸಲ ಪಕ್ಕದಲ್ಲಿ ಕೂತು, 'ಇದು ಯಾರು? ಇದರ ಹೆಸರೇನು? ನಿನ್ನ ಹತ್ತಿರ ಏನು ಹೇಳುತ್ತದೆ?' ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಉತ್ತರ, 'ಏನಿಲ್ಲ, ಸುಮ್ಮನೆ ಆಟ' ಎಂದೇ ಇರಬಹುದು. ಹಾಗಿದ್ದರೆ ಎರಡು ನಿಮಿಷ ಹೋಯಿತು, ಅಷ್ಟೇ.

ಕಳೆದ ಈದ್‌ಗೆ ಸಿರಸಂಗಿಗೆ ಹೋದಾಗ ದ್ವೀಪದಲ್ಲಿ ಮೂರನೆಯ ಮನೆಯೊಂದು ಎದ್ದಿತ್ತು. ಅದು ತಮ್ಮನ ಹೆಂಡತಿಯದು. ಟ್ರಂಕಿಗೆ ಬೀಗ ಹಾಕಿದವಳು ಅಡಿಗೆಮನೆ ಕೆಲಸ ಮುಗಿಸಿ ಕೈ ಒರೆಸಿಕೊಂಡು ಬಂದು, ಮಗಳು ತೋರಿಸಿದಂತೆ ಗುಂಡಿ ಒತ್ತಿ ಲಾಲಿಯ ಎದುರು ನಿಂತಳು. ಲಾಲಿ ಏನೋ ಚಿಲಿಪಿಲಿಗುಟ್ಟಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಕೊನೆಯ ಪದಕ್ಕೆ ಬಂದಾಗ ಅವಳು ದುಪಟ್ಟಾದ ಅಂಚನ್ನು ಬಾಯಿಗೆ ಹಿಡಿದು ನಗತೊಡಗಿದಳು. ಮಗಳೂ ನಕ್ಕಳು. ನಗುತ್ತ ನಗುತ್ತಲೇ ತಾಯಿಯ ಕಣ್ಣು ತುಂಬಿದ್ದನ್ನು ಕಂಡು, ಅಮ್ಮ ಏನೂ ಕಾಣದವರಂತೆ ಎದ್ದು ಬೆಕ್ಕಿಗೆ ಹಾಲು ತರಲು ಒಳಗೆ ಹೋದರು.